ಮೂವತ್ತೇಳು ಹಸಿರು ಕಲ್ಲು

ಕುಷ್ಟಗಿಯ ಕಡೆ ನಿಂಬೆಹಣ್ಣು ಮೊದಲು ಕೈಗೆ ಕೊಡುವ ಪದಾರ್ಥ, ಆಮೇಲೆ ಬಾಯಿಗೆ ಹಾಕುವ ಪದಾರ್ಥ. ದೊಡ್ಡವರನ್ನು ಕಾಣಲು ಬರಿಗೈಲಿ ಹೋಗಬಾರದು, ಹೊಸ ವರ್ಷದ ದಿನವಂತೂ ಹೋಗಲೇಬಾರದು. ಹಾರ ತುಟ್ಟಿ, ಶಾಲು ಇನ್ನೂ ತುಟ್ಟಿ. ಒಂದು ನಿಂಬೆಹಣ್ಣು ಕೈಯಲ್ಲಿಟ್ಟು ಬಾಗಿದರೆ ಕೊಟ್ಟವನ ಕೆಲಸವೂ ಆಗುತ್ತದೆ, ಇಸಕೊಂಡವನ ತೂಕವೂ ಏರುತ್ತದೆ. ಸರಕಾರಿ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಕಾರಕೂನಿಕೆ ಮಾಡಿದ ಅಂದಪ್ಪನವರ ಕೈಗೆ ಬಂದ ನಿಂಬೆಹಣ್ಣುಗಳನ್ನು ಸಾಲಾಗಿ ಇಟ್ಟಿದ್ದರೆ, ಆ ಸಾಲು ಇಲಕಲ್ಲು ಮುಟ್ಟಿ, ಅಲ್ಲಿ ಒಂದು ಚಹಾ ಕುಡಿದು, ಹುನಗುಂದದ ಹಾದಿ ಹಿಡಿಯುತ್ತಿತ್ತು. ಹೆಚ್ಚಾಯಿತು ಅನಿಸಿದವರು ಚಹಾ ಒಂದನ್ನು ಬಿಟ್ಟುಬಿಡಿ, ಉಳಿದದ್ದು ಖರೆ.

ಬಂದ ಹಣ್ಣು ಸಂಜೆ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಹೆಂಡತಿ ಕಳಕಮ್ಮ ಹೆಚ್ಚಿ ಉಪ್ಪಿನಕಾಯಿ ಹಾಕುತ್ತಿದ್ದಳು. ಮೂವತ್ತಾರು ವರ್ಷದ ಹುಳಿ, ಉಪ್ಪು, ಖಾರಕ್ಕೆ ಆಕೆಯ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿ, ಹೆಬ್ಬಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿ ಬೀಳುತ್ತಿತ್ತು. ಇಸಕೊಂಡವರು ಗಂಡ, ಹೆಚ್ಚಿದವಳು ಹೆಂಡತಿ. ಆಕೆಯ ಕೈಯಲ್ಲಿ ಒಂದೇ ಒಂದು ಹಣ್ಣನ್ನು ಯಾರೂ ಬಾಗಿ ಇಟ್ಟವರಲ್ಲ.

ಅಂದಪ್ಪನವರು ನಿವೃತ್ತರಾದ ಮೇಲಿನ ಮೊದಲ ಜನವರಿ ಒಂದು, ಅಂದರೆ ಎರಡು ಸಾವಿರದ ಒಂಬತ್ತು. ಆವತ್ತು ಅವರು ಕೋಳಿ ಕೂಗುವ ಮೊದಲೇ ಮಿಂದು, ಇಸ್ತ್ರಿ ಅಂಗಿ ತೊಟ್ಟು, ಕೆಂಪು ಶಾಲು ಹೊದ್ದು ಮನೆ ಮುಂದಿನ ಕಟ್ಟೆಗೆ ಕೂತರು. ಪಕ್ಕದಲ್ಲಿ ಖಾಲಿ ಬುಟ್ಟಿ. ಎಂಟಾಯಿತು, ಹತ್ತಾಯಿತು. ಅವರ ಕುರ್ಚಿಗೆ ಈಗ ಬಂದು ಕೂತಿದ್ದ ಆದೆಪ್ಪ ಅದೇ ಹಾದಿಯಲ್ಲಿ ಸ್ಕೂಟರ್ ಮೇಲೆ ಹೋದ. ಅವನ ಮುಂದಿನ ಚೀಲದ ತುಂಬ ಹಳದಿ ಹಣ್ಣು. ಹನ್ನೆರಡಕ್ಕೆ ಒಂದು ಆಡು ಬಂದು ಅಂದಪ್ಪನವರ ಮುಂದೆ ನಿಂತಿತು. ಅದೂ ಬರಿಗೈಲಿ.

"ಒಳಗ ಬರ್ರಿ, ರೊಟ್ಟಿ ಆರತಾವ," ಎಂದಳು ಕಳಕಮ್ಮ ಬಾಗಿಲಲ್ಲಿ ನಿಂತು. "ಅವ್ರು ಕೊಡತಿದ್ದದ್ದು ಕುರ್ಚಿಗಿ. ಕುರ್ಚಿ ಅಲ್ಲೇ ಐತಿ, ನೀವು ಇಲ್ಲಿ ಬಂದೀರಿ."

"ನಿನ್ನ ನಾಲಿಗಿ ಒಂದಿನ ನಿನಗ ಕಡೀತೈತಿ ನೋಡು."

"ನಾಲಿಗಿ ಕಡಿಯೂದಿಲ್ಲರಿ, ಹಲ್ಲು ಕಡೀತಾವ. ಬರ್ರಿ."

ಕಡಿದದ್ದು ನಾಲಿಗೆಯೂ ಅಲ್ಲ, ಹಲ್ಲೂ ಅಲ್ಲ. ಶಿವರಾತ್ರಿಯ ಉಪವಾಸ ಬಿಟ್ಟ ಮರುದಿನ ಸೊಸೆ ಸುನಿತಾ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿ ಮಿರ್ಚಿ ಕರಿದಳು. ಕಳಕಮ್ಮ ಏಳು ಮಿರ್ಚಿ ತಿಂದಳು. ಎಂಟನೆಯದಕ್ಕೆ ಕೈ ಹಾಕಿದಾಗ ಬಲಪಕ್ಕೆಯ ಕೆಳಗೆ ಯಾರೋ ಕುಡಗೋಲು ಸಿಕ್ಕಿಸಿ ಎಳೆದ ಹಾಗಾಯಿತು. ನೋವು ಬೆನ್ನು ಹತ್ತಿ ಹೆಗಲಿಗೆ ಏರಿತು. ಹೆತ್ತಾಗಲೂ ಬಾಯಿ ಬಿಡದ ಹೆಂಗಸು ಅಂದು ಕೂಗಿದ ಕೂಗಿಗೆ ಬಸ್‌ಸ್ಟ್ಯಾಂಡಿನಲ್ಲಿ ಗಂಗಾವತಿಯ ಬಸ್ಸು ಹೊತ್ತಿಗೆ ಮುಂಚೆಯೇ ಹೊರಟಿತಂತೆ.

ಮಗ ಗವಿಸಿದ್ದೇಶ ಕೊಪ್ಪಳಕ್ಕೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದ. ಪಿತ್ತದ ಚೀಲದಲ್ಲಿ ಕಲ್ಲು. ಡಾಕ್ಟರು ಚೀಟಿಯ ಹಿಂದೆ ಒಂದು ಬದನೆಕಾಯಿಯಂಥ ಚಿತ್ರ ಬರೆದು, ಅದರೊಳಗೆ ಚುಕ್ಕಿ ಇಟ್ಟು ತೋರಿಸಿದರು. "ಚೀಲ ತೆಗೀಬೇಕಾಗತದ. ಅವಸರ ಇಲ್ಲ, ಆದ್ರ ಭಾಳ ದಿನ ಬಿಡಬ್ಯಾಡ್ರಿ. ಒಂದು ಕಲ್ಲು ಜಾರಿ ನಾಳದಾಗ ಸಿಕ್ಕೊಂಡ್ರ ಕಾಮಣಿ ಆಗತದ, ಕಣ್ಣು ಹಳದಿ ಆಗತಾವ, ಜೀವಕ್ಕ ಬರತದ." ಯುಗಾದಿಯ ಮರುವಾರ ಬರಲು ಹೇಳಿದರು.

ಕಳಕಮ್ಮನಿಗೆ ಕತ್ತಿಯ ಹೆದರಿಕೆ ಇತ್ತು. ಆದರೆ ಕುಡಗೋಲಿನ ನೋವಿಗಿಂತ ಕತ್ತಿಯೇ ವಾಸಿ ಎಂದು ಹೂಂ ಅಂದಳು. ಹೂಂ ಅನ್ನದವರು ಅಂದಪ್ಪನವರು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿಗೆ ನೀರು ತರಲು ಹೋದವರು ನೀರು ಮರೆತು ಹತ್ತು ರೂಪಾಯಿಯ ಒಂದು ಪುಸ್ತಕ ತಂದಿದ್ದರು. ಮುಖಪುಟದ ಮೇಲೆ ಕುಂಬಳಕಾಯಿ ಗಾತ್ರದ ನಿಂಬೆಹಣ್ಣು, ಅದರ ಸುತ್ತ ಸೂರ್ಯನ ಕಿರಣ. ಲಿವರು, ಪಿತ್ತದ ಚೀಲ ಎರಡನ್ನೂ ನಿಂಬೆರಸ ತೊಳೆದು ಕನ್ನಡಿ ಮಾಡುತ್ತದೆಂದೂ, ಕಲ್ಲು ತಾವಾಗಿ ಉದುರುತ್ತವೆಂದೂ ಅದರಲ್ಲಿತ್ತು. ಬಸ್ಸು ಕುಷ್ಟಗಿ ಮುಟ್ಟುವಷ್ಟರಲ್ಲಿ ಅಂದಪ್ಪನವರು ಡಾಕ್ಟರಾಗಿ ಇಳಿದರು. ಬೇರೆಯವರು ಅದಕ್ಕೆ ಏಳೆಂಟು ವರ್ಷ ತೆಗೆದುಕೊಳ್ಳುತ್ತಾರೆ.

"ಮೂವತ್ತಾರು ವರ್ಷ ನಿಂಬಿಹಣ್ಣು ನನ್ನ ಕೈಯಾಗ ಯಾಕ ಬಂದು ಬೀಳತಿತ್ತು? ಈಗ ತಿಳೀತು," ಎಂದರು ಮನೆ ಹೊಸ್ತಿಲಲ್ಲೇ.

"ಪಹಣಿ ಸಲುವಾಗಿ," ಎಂದಳು ಕಳಕಮ್ಮ.

"ಬಾಯಿ ಮುಚ್ಚು. ನಾಳಿಂದ ಔಷಧ ಶುರು."

ಮರುದಿನದಿಂದ ಮನೆಯ ಒಲೆ ಅಂದಪ್ಪನವರ ಕೈಗೆ ಹೋಯಿತು, ಅಂದರೆ ಅವರ ಬಾಯಿಗೆ ಹೋಯಿತು, ಕೈ ಸುನಿತಾಳದೇ. ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ಎರಡು ನಿಂಬೆ. ಹತ್ತಕ್ಕೆ ಸಿಪ್ಪೆ ಸಹಿತ ಕುದಿಸಿದ ಕಷಾಯ. ಮಧ್ಯಾಹ್ನ ಮೋಸಂಬಿ ರಸ, ಸಂಜೆ ಮಾದಲಕಾಯಿ. ರೊಟ್ಟಿಗೆ ಎಣ್ಣೆ ಇಲ್ಲ, ನಂಜಿಕೊಳ್ಳಲು ಗುರೆಳ್ಳು ಹಿಂಡಿ ಇಲ್ಲ, ಶೇಂಗಾ ಹಿಂಡಿಯ ಡಬ್ಬಿಗೆ ಬೀಗ. ಸುನಿತಾ ದಿನಕ್ಕೆ ನಲವತ್ತು ಹಣ್ಣು ಹಿಂಡಿದಳು. ಆಕೆಯ ಉಗುರಿನ ಸಂದಿ ಬೆಂಕಿ ಇಟ್ಟ ಹಾಗೆ ಉರಿದು, ರಾಗಿ ಕಾಳಿನಷ್ಟು ಗಾಯವಿದ್ದರೂ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಂತಾದಳು.

"ಮಾವಾರ, ನೀವೂ ಒಂದು ಲೋಟ ತೊಗೋರಿ. ಲಿವರಿಗಿ ಛಲೋ ಅಂತ ನೀವ ಓದೀರಲ್ಲ," ಎಂದಳು ಒಂದು ದಿನ.

ಅಂದಪ್ಪನವರು ಲೋಟವನ್ನು ಒಂದು ಮೊಳ ದೂರ ಸರಿಸಿದರು. "ನನಗ ಹುಳಿ ಆಗೂದಿಲ್ಲ. ಹಲ್ಲು ಜುಂ ಅಂತಾವ. ಅಕಿಗಿ ಕೊಡು."

ಕಳಕಮ್ಮ ಲೋಟ ಎತ್ತಿ ಗಟಗಟ ಕುಡಿದು ಗಂಡನ ಮುಖ ನೋಡಿದಳು. ಆ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು.

ಯುಗಾದಿಗೆ ಐದು ದಿನ ಇರುವಾಗ ಅಂದಪ್ಪನವರು ಪುಸ್ತಕದ ಕೊನೆಯ ಪುಟಕ್ಕೆ ಬಂದರು. ಅಲ್ಲಿತ್ತು ಬ್ರಹ್ಮಾಸ್ತ್ರ. ಅರ್ಧ ಲೋಟ ಆಲಿವ್ ಎಣ್ಣೆ, ಅರ್ಧ ಲೋಟ ನಿಂಬೆರಸ, ಹಿಂದೆ ಮುಂದೆ ಭೇದಿ ಉಪ್ಪಿನ ನೀರು. ಆಲಿವ್ ಎಣ್ಣೆ ಕೇಳಿಕೊಂಡು ಅವರು ಊರಿನ ಅಂಗಡಿಯನ್ನೆಲ್ಲ ಸುತ್ತಿದರು. ಕೊನೆಯ ಅಂಗಡಿಯವನು, "ಅದು ಯಾವ ಊರಾಗ ಬೆಳೀತೈತ್ರಿ ಸರ?" ಎಂದು ಕೇಳಿದ್ದಕ್ಕೆ ಸಿಟ್ಟು ಬಂದು, ಗಾಣದ ಶೇಂಗಾ ಎಣ್ಣೆಯೇ ಸೈ ಎಂದು ತಾವೇ ತೀರ್ಪು ಕೊಟ್ಟರು.

"ಯಪ್ಪಾ, ಎಣ್ಣಿ ಪದಾರ್ಥ ಬ್ಯಾಡ ಅಂತ ಡಾಕ್ಟರ್ ಹೇಳ್ಯಾರ," ಎಂದ ಗವಿಸಿದ್ದೇಶ. ಪೈಪು, ಮೋಟರಿನ ಅಂಗಡಿಯವನು. ಬಾಯಿಗೆ ಬಂದ ಮಾತನ್ನೂ ಪೈಪಿನ ಹಾಗೆ ಸುತ್ತಿ ಮೂಲೆಗಿಡುವ ಜಾತಿ.

"ಡಾಕ್ಟರ್ ಹೇಳಿದ್ದು ಕರಿದ ಎಣ್ಣಿ. ಇದು ಕುಡಿಯೂ ಎಣ್ಣಿ."

"ನೋಡೂಣು ತಡಿ..." ಎಂದ ಗವಿಸಿದ್ದೇಶ. ಅಲ್ಲಿಗೆ ಆ ಪೈಪೂ ಮೂಲೆಗೆ ಹೋಯಿತು.

ಹೊತ್ತು ಮುಳುಗುವಾಗ ಕಳಕಮ್ಮ ಆ ಲೋಟ ಕುಡಿದಳು. ಒಗ್ಗರಣೆಯ ಬಾಣಲೆಯನ್ನೇ ಬಾಯಿಗೆ ಬಗ್ಗಿಸಿಕೊಂಡ ಹಾಗಾಯಿತು. ಆಮೇಲೆ ಬೆಳಗಾಗುವತನಕ ಆಕೆ ಹಿತ್ತಲಿಗೆ ನಡೆದ ದೂರದಲ್ಲಿ ಕನಕಗಿರಿಗೆ ನಡೆದುಹೋಗಬಹುದಿತ್ತು. ಬೆಳಿಗ್ಗೆ ಅಂದಪ್ಪನವರು ಸೊಸೆಗೆ ಅಕ್ಕಿ ಜರಡಿ ಕೇಳಿದರು. ಏಕೆ ಎಂದು ಗೊತ್ತಾದ ಕೂಡಲೇ ಸುನಿತಾ ಹಳೇ ಹಿಟ್ಟಿನ ಜರಡಿ ಕೊಟ್ಟು, "ವಾಪಸ್ ಕೊಡಬ್ಯಾಡ್ರಿ," ಎಂದಳು.

ಜರಡಿಯಲ್ಲಿ ಸಿಕ್ಕವು ಕಲ್ಲು! ಹಸಿರು ಬಣ್ಣ, ಕೆಲವು ಕಡಲೆಯಷ್ಟು, ಕೆಲವು ಅಡಿಕೆಯಷ್ಟು. ಕಳಕಮ್ಮ ತಾನೇ ಬಗ್ಗಿ ಎಣಿಸಿದಳು. ಮೂವತ್ತೇಳು. ಸತ್ಯ ಹೇಳಬೇಕೆಂದರೆ ಆಕೆಗೂ ಒಂದಿಷ್ಟು ಗರ್ವ ಬಂತು. ನಲವತ್ತು ವರ್ಷದ ಸಂಸಾರದಲ್ಲಿ ತನ್ನದು ಅಂತ ಇಷ್ಟು ಸಾಮಾನು ಆಕೆಗೆ ಎಂದೂ ಸಿಕ್ಕಿರಲಿಲ್ಲ.

"ಏನಂತೀ ಈಗ?" ಎಂದರು ಅಂದಪ್ಪನವರು.

"ಹೋದವಲ್ಲ, ಸಾಕು ಬಿಡ್ರಿ," ಎಂದಳು. ಮದುವೆಯಾದ ಮೇಲೆ ಗಂಡನ ಮಾತು ಒಪ್ಪಿಕೊಂಡದ್ದು ಅದೇ ಮೊದಲು. ಆಮೇಲೆ ಅದಕ್ಕಾಗಿ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಕಲ್ಲುಗಳನ್ನು ತೊಳೆದು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ತುಂಬಿ, ಪಡಸಾಲೆಯ ಗೋಡೆಯೊಳಗಿನ ಕಲ್ಲಿನ ಮಾಡದಲ್ಲಿ, ನಿವೃತ್ತಿಯ ದಿನದ ಫೋಟೋ ಮಗ್ಗುಲಿಗೆ ಇಟ್ಟರು. ಕೊಪ್ಪಳದ ಡಾಕ್ಟರಿಗೆ ಫೋನ್ ಮಾಡಿ ಆಪರೇಷನ್ ಬೇಡವೆಂದರು. ಡಾಕ್ಟರು ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿಸಿರೆಂದರು. "ಬಾಟಲಿಯಾಗ ಕಾಣಾಕತ್ತಾವ, ಇನ್ನ ಸ್ಕ್ಯಾನಿಂಗ್ ಯಾಕ್ರಿ?" ಎಂದು ಅಂದಪ್ಪನವರು ಫೋನ್ ಇಟ್ಟರು.

ಯುಗಾದಿಗೆ ಊರಿಗೆ ಊರೇ ಬಂತು. ಬೇವು ಬೆಲ್ಲ ಕೊಡಲು ಬಂದವರು ಬಾಟಲಿ ನೋಡಿ ಬಾಯಿ ತೆರೆದರು. ಬಾಯಿ ಮುಚ್ಚುವುದರೊಳಗೆ ತಮ್ಮ ರೋಗ ಹೇಳಿದರು. ಒಬ್ಬನಿಗೆ ಪಿತ್ತ, ಒಬ್ಬನಿಗೆ ಲಿವರು, ಒಬ್ಬನಿಗೆ ಮಗಳ ಮದುವೆ. ಅಂದಪ್ಪನವರು ಎಲ್ಲರಿಗೂ ನಿಂಬೆಹಣ್ಣೇ ಹೇಳಿದರು. ಮರುವಾರದಿಂದ ಯಲಬುರ್ಗಾದಿಂದ, ಹುಲಿಹೈದರದಿಂದ ಜನ ಬಂದರು. ದೊಡ್ಡವರ ಮನೆಗೆ ಬರಿಗೈಲಿ ಬರುತ್ತಾರೆಯೇ? ಎಲ್ಲರ ಕೈಯಲ್ಲೂ ಒಂದೊಂದು ಹಣ್ಣು. ಖಾಲಿ ಬುಟ್ಟಿ ತುಂಬಿತು, ತುಂಬಿದ ಬುಟ್ಟಿ ಚೆಲ್ಲಿತು. ಕೆಂಪು ಶಾಲು ಏಪ್ರಿಲ್ ಬಿಸಿಲಿನಲ್ಲೂ ಅಂದಪ್ಪನವರ ಹೆಗಲು ಬಿಟ್ಟು ಇಳಿಯಲಿಲ್ಲ.

"ಇಕಿನ್ನ ನೋಡ್ರಿ," ಎಂದು ಅವರು ಬಂದವರಿಗೆಲ್ಲ ಹೆಂಡತಿಯನ್ನು ತೋರಿಸುತ್ತಿದ್ದರು, ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸಿದ ಹಾಗೆ. "ಕತ್ತಿ ಇಲ್ಲ, ಹೊಲಿಗಿ ಇಲ್ಲ. ಹೆಂಗ ಅದಾಳ!"

ಹೆಂಗ ಅದೀ ಎಂದು ಆಕೆಯನ್ನು ಯಾರೂ ಕೇಳಲಿಲ್ಲ. ಮೂರನೆಯ ವಾರ, ಬರೀ ಬೇಳೆ ರೊಟ್ಟಿ ಉಂಡು ಎದ್ದವಳಿಗೆ ಕುಡಗೋಲು ಮತ್ತೆ ಸಿಕ್ಕಿತು. ಅದೇ ಬಲಪಕ್ಕೆ, ಅದೇ ಹೆಗಲು. ಆಕೆ ಅಡುಗೆಮನೆಯ ಗೋಡೆಗೆ ಒರಗಿ "ಯಪ್ಪಾ!" ಎಂದಳು. ಪಡಸಾಲೆಯಲ್ಲಿ ಎಂಟು ಜನ ಕೂತಿದ್ದರು. ಅಂದಪ್ಪನವರು ಒಳಗೆ ಹಾರಿ ಬಂದರು.

"ಮೆಲ್ಲಕ! ಹೊರಗ ಮಂದಿ ಅದಾರ."

"ನೋವರಿ... ಮೊದಲಿನಂಗ..."

"ಮೊದಲಿನಂಗ ಹೆಂಗಾಗತೈತಿ? ಕಲ್ಲು ಬಾಟಲಿಯಾಗ ಅದಾವ. ವಾಯು ಇರಬೇಕು. ನೋವು ಗೀವು ಅಂತ ಬಾಯಿ ಬಿಟ್ಟೀ ಅಂದ್ರ ನನ್ನ ಮಾನ ಏನಾಗಬೇಕು?"

"ನಿಮ್ಮ ಮಾನ ನನ್ನ ಹೊಟ್ಟ್ಯಾಗ ಐತೇನು?"

"ಈಗ ಅಲ್ಲೇ ಐತಿ. ಸುಮ್ನ ಕುಂದ್ರು."

ಅಂದಿನಿಂದ ಆ ಮನೆಯಲ್ಲಿ ನೋವಿಗೆ ನಿಷೇಧ. ಕಳಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ನೋವು ತಿಂದಳು. ಸೆರಗಿನ ಅಂಚು ಇಲಿ ಕಡಿದ ಹಾಗಾಯಿತು. ಸುನಿತಾ ಗಂಡನಿಗೆ ಹೇಳಿದಳು. ಗವಿಸಿದ್ದೇಶ, "ನೋಡೂಣು ತಡಿ, ಅಪ್ಪಗ ಹೇಳತೀನಿ," ಎಂದ. ಹೇಳುವ ದಿನ ಪಂಚಾಂಗದಲ್ಲಿ ಬರಲೇ ಇಲ್ಲ.

ಇತ್ತ ಅಂದಪ್ಪನವರ ಜೀವನದ ದೊಡ್ಡ ದಿನ ಬಂತು. ಆದೆಪ್ಪ ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಕಳಚಿ, ಒಳಗೆ ಬಂದು ನಿಂಬೆಹಣ್ಣು ಕೈಗಿಟ್ಟು ಬಾಗಿದ. ಕುರ್ಚಿಯೇ ಎದ್ದು ಬಂದು ಬಾಗಿದ ಹಾಗೆ! ಅವನ ತಾಯಿಗೂ ಪಿತ್ತದ ಚೀಲದಲ್ಲಿ ಕಲ್ಲಂತೆ. "ವಿಚಾರ ಮಾಡಿ ಮತ್ತೊಮ್ಮಿ ಬರತೀನ್ರಿ ಸರ," ಎಂದು ಹೋದ. ಆ ಒಂದು ಹಣ್ಣನ್ನು ಅಂದಪ್ಪನವರು ಉಪ್ಪಿನಕಾಯಿಗೆ ಕೊಡಲಿಲ್ಲ. ಅದು ಒಣಗಿ ಗೋಲಿಯಾಗುವತನಕ ಮಾಡದಲ್ಲೇ ಇತ್ತು.

ಮೇ ತಿಂಗಳು. ಕುಷ್ಟಗಿಯ ಬಿಸಿಲಿಗೆ ಕಾಗೆಗಳು ಕಾಲೂರದೆ ಗಾಳಿಯಲ್ಲೇ ನಿದ್ದೆ ಮಾಡುವ ಕಾಲ. ಕಳಕಮ್ಮ, ಸುನಿತಾ ಅಂಗಳದ ಹೊರಸಿನ ಮೇಲೆ ಸಂಡಿಗೆ ಹಾಕಿದರು, ಉಪ್ಪಿನಕಾಯಿಯ ಬಾಟಲಿಗಳನ್ನೆಲ್ಲ ಸಾಲಾಗಿ ಬಿಸಿಲಿಗಿಟ್ಟರು. ಧೂಳು ಹೊಡೆಯುವಾಗ ಮಾಡದ ಬಾಟಲಿಯನ್ನೂ ಸುನಿತಾ ಇಳಿಸಿ ಅದೇ ಸಾಲಿನ ಕೊನೆಗೆ ಇಟ್ಟಿದ್ದಳು. ಅಂದಪ್ಪನವರು ಉಂಡು ಮಲಗಿದ್ದರು.

ಗೋಡೆಯಾಚೆಯ ಮನೆಯ ಸೈದಾನಬಿ ಸಂಡಿಗೆಗೆ ಕೈ ಹಚ್ಚಲು ಬಂದಳು. ಅರಿವೆ ಹೊಲಿಯುವ ಹೆಂಗಸು, ಕಣ್ಣು ಸೂಜಿ. ಸಾಲಿನ ಕೊನೆಗೆ ನೋಡಿ, "ಕಳಕಮ್ಮಕ್ಕಾ, ಇದು ಯಾವ ಉಪ್ಪಿನಕಾಯಿ? ಬರೀ ಎಣ್ಣಿ ಐತಿ," ಎಂದಳು.

ಮೂವತ್ತೇಳು ಕಲ್ಲಿನಲ್ಲಿ ಒಂದೂ ಉಳಿದಿರಲಿಲ್ಲ. ಬಾಟಲಿಯ ತಳದಲ್ಲಿ ಹಸಿರು ಜಿಡ್ಡು, ಅದರ ಮೇಲೆ ಎರಡು ಬೆರಳು ಎಣ್ಣೆ.

ಸೈದಾನಬಿ ಮನೆಗೆ ಹೋಗಿ ಒಂದು ಪುಟ್ಟ ಗಾಜಿನ ಶೀಶೆ ತಂದಳು. ಎರಡು ವರ್ಷದ ಹಿಂದೆ ಆಕೆಗೂ ಕೊಪ್ಪಳದಲ್ಲಿ ಇದೇ ಆಪರೇಷನ್ ಆಗಿತ್ತು. ಡಾಕ್ಟರು ಕೈಗೆ ಕೊಟ್ಟ ಕಲ್ಲು ಶೀಶೆಯಲ್ಲಿದ್ದವು. ಅಲ್ಲಾಡಿಸಿದಳು. ಗಲಗಲ.

"ಎರಡು ಬ್ಯಾಸಗಿಯಿಂದ ನನ್ನ ಕಿಡಕಿಯಾಗ ಬಿಸಲಾಗ ಅದಾವಕ್ಕಾ. ಕಲ್ಲಂದ್ರ ಕಲ್ಲು. ಅಲ್ಲ, ನಂದು ನಾಕ ಇದ್ದವು, ಅಷ್ಟಕ್ಕ ಚೀಲ ತುಂಬಿತ್ತಂತ. ನಿಂದು ಮೂವತ್ತೇಳು, ಅದೂ ಅಡಿಕಿಯಷ್ಟು! ನಿಂದು ಪಿತ್ತದ ಚೀಲೇನು, ಗೋಣಿಚೀಲೇನು?"

ಸುನಿತಾಳಿಗೆ ನಗು ತಡೆಯಲಿಲ್ಲ. ಕಳಕಮ್ಮ ನಗಲಿಲ್ಲ. ಬಾಟಲಿಯೊಳಗೆ ಬೆರಳು ಹಾಕಿ ಆ ಹಸಿರು ಜಿಡ್ಡು ತೆಗೆದು, ಅಂಗೈಗೆ ಹಚ್ಚಿ, ಒಂದಿಷ್ಟು ನೀರು ಹಾಕಿಸಿಕೊಂಡು ತಿಕ್ಕಿದಳು. ನೊರೆ ಬಂತು.

"ಸಾಬಾಣ," ಎಂದಳು. "ಎಣ್ಣಿ, ಹುಳಿ, ಉಪ್ಪು ನನ್ನ ಹೊಟ್ಟ್ಯಾಗ ಹಾಕಿ ಕುದಿಸಿ ಸಾಬಾಣ ಮಾಡ್ಯಾನ ನನ್ನ ಗಂಡ. ನಾನು ಮೂರ್ಖಿ, ಎಣಿಸಿಕೋತ ಕುಂತಿದ್ದೆ."

ಅಂದಪ್ಪನವರು ಎದ್ದು ಬಂದಾಗ ಹೊರಸಿನ ಮೇಲೆ ಬಾಟಲಿ, ಶೀಶೆ ಎರಡೂ ಪಕ್ಕಪಕ್ಕ ಇದ್ದವು. ನೋಡಿದರು. ಒಂದು ಗಳಿಗೆ ಕಣ್ಣು ಪಿಳುಕಿಸಿದರು. ಅವರು ಮೂವತ್ತಾರು ವರ್ಷ ಕಚೇರಿಯಲ್ಲಿದ್ದವರು. ಯಾವ ತಪ್ಪಿಗೂ ಷರಾ ಬರೆಯಲು ಅವರಿಗೆ ಎರಡು ಗಳಿಗೆ ಬೇಕಿರಲಿಲ್ಲ.

"ಈ ಬಿಸಲಿಗೆ ಡಾಂಬರ ಕರಗತೈತಿ, ಕಲ್ಲು ಕರಗೂದಿಲ್ಲೇನು?"

"ಸೈದಾನಬೀವು ಯಾಕ ಕರಗಿಲ್ಲ?"

"ಅವು ಗಟ್ಟಿ ಕಲ್ಲು. ನಿನ್ನವು ಮೆತ್ತನವು. ಬ್ಯಾರೆ ಬ್ಯಾರೆ ಜಾತಿ ಇರತಾವ."

"ಕಲ್ಲಿಗೂ ಜಾತಿ ಮಾಡೀರಿ! ಮೆತ್ತಗಿದ್ದದ್ದು ಕಲ್ಲಲ್ಲರಿ, ನನ್ನ ಬುದ್ಧಿ. ನನಗ ಕೊಪ್ಪಳಕ್ಕ ಕಳಿಸ್ರಿ."

"ನೀ ಕೊಪ್ಪಳದ ಬಸ್ ಹತ್ತಿದ್ದು ಒಬ್ಬರು ನೋಡಿದ್ರ ನಾಳೆ ಈ ಕಟ್ಟಿಗಿ ನಾಯಿ ಸೈತ ಬರೂದಿಲ್ಲ. ಸೋಮವಾರ ಇನ್ನೊಂದು ಲೋಟ ತೊಗೋ. ಉಳದದ್ದೆಲ್ಲ ಬೀಳತೈತಿ."

ಭಾನುವಾರ ಕಳಕಮ್ಮನಿಗೆ ಚಳಿಜ್ವರ ಬಂತು. ಸೋಮವಾರ ಬೆಳಿಗ್ಗೆ ಸುನಿತಾ ಚಹಾ ಕೊಡಲು ಬಂದು ಅತ್ತೆಯ ಮುಖ ಬಾಗಿಲ ಬೆಳಕಿಗೆ ತಿರುಗಿಸಿದಳು. ಅತ್ತೆಯ ಕಣ್ಣಿನ ಬಿಳಿ ಭಾಗವೆಲ್ಲ ಹಣ್ಣಾದ ನಿಂಬೆಯ ಬಣ್ಣ. ಅಂಗೈ ಹಳದಿ, ಉಗುರು ಹಳದಿ.

ಕಳಕಮ್ಮ ಕನ್ನಡಿ ತರಿಸಿ ನೋಡಿಕೊಂಡಳು. ಡಾಕ್ಟರು ಬರೆದ ಬದನೆಕಾಯಿ, ಜಾರುವ ಚುಕ್ಕಿ, "ಜೀವಕ್ಕ ಬರತದ" ಎಂಬ ಮಾತು, ಎಲ್ಲ ನೆನಪಿಗೆ ಬಂತು. ಅಷ್ಟರಲ್ಲಿ ಅಂದಪ್ಪನವರು ಒಂದು ಕೈಯಲ್ಲಿ ಎಣ್ಣೆಯ ಗಿಂಡಿ, ಒಂದು ಕೈಯಲ್ಲಿ ನಿಂಬೆರಸ ಹಿಡಿದು ಬಂದರು. ನೋಡಿ ಬೆಚ್ಚಿದರೇ? ಎಲ್ಲಿಯ ಮಾತು!

"ಆಹಾ! ಪಿತ್ತ ಹೊರಗ ಬರಾಕತ್ತೈತಿ! ಇದ ಲಕ್ಷಣ. ಪುಸ್ತಕದಾಗ—"

"ಪುಸ್ತಕದಾಗ ಹೆಣ ಹೊರೂದು ಹೆಂಗ ಅಂತ ಬರದಾರೇನ್ರಿ?" ಎಂದಳು ಕಳಕಮ್ಮ. ದನಿ ಏರಿರಲಿಲ್ಲ. ಅದಕ್ಕೇ ಸುನಿತಾಳಿಗೆ ಹೆದರಿಕೆಯಾಯಿತು. "ಸುನಿತಾ, ನನ್ನ ಸೀರಿ ಕೊಡು, ಅಂಚು ಹರೀದೇ ಇದ್ದದ್ದು. ಸೈದಾನಬಿಗಿ ಬಾ ಅನ್ನು."

"ಎಲ್ಲಿಗಿ? ಹೊರಗ ಮಂದಿ ಕುಂತಾರ!"

"ಕುಂತಿರಲಿ. ಅವರ ಮುಂದ ಹಾದು ಹೋಗತೀನಿ."

ಗವಿಸಿದ್ದೇಶ ಬಾಗಿಲಲ್ಲಿ ನಿಂತಿದ್ದ. ತಾಯಿಯ ಕಣ್ಣು ನೋಡಿದ, ತಂದೆಯ ಶಾಲು ನೋಡಿದ, ಬಾಯಿ ತೆರೆದ. "ನೋಡೂಣು—"

"ನೋಡಿದ್ದು ಸಾಕು," ಎಂದಳು ಸುನಿತಾ. "ಅತ್ತಿ ಕಣ್ಣು ನೋಡ್ರಿ, ಆಮ್ಯಾಲ ತಡಿ ಅನ್ರಿ. ಜೀಪ್ ತರತೀರೋ, ನಾನ ಹೋಗಿ ತರಲೋ?"

ಮದುವೆಯಾದ ಹನ್ನೊಂದು ವರ್ಷದಲ್ಲಿ ಸುತ್ತಿಟ್ಟ ಪೈಪುಗಳೆಲ್ಲ ಒಮ್ಮೆಲೇ ಬಿಚ್ಚಿದ ಹಾಗೆ ಗವಿಸಿದ್ದೇಶ ಓಡಿದ. ಕಳಕಮ್ಮ ಒಂದು ಕಡೆ ಸೊಸೆಯ, ಒಂದು ಕಡೆ ಸೈದಾನಬಿಯ ಹೆಗಲು ಹಿಡಿದು ಪಡಸಾಲೆ ದಾಟಿದಳು. ನಿಂಬೆಹಣ್ಣು ಹಿಡಿದು ಕೂತಿದ್ದ ಆರು ಜನ ಆಕೆಯ ಮುಖ ನೋಡಿ, ತಮ್ಮ ಕೈಯಲ್ಲಿದ್ದ ಹಣ್ಣು ನೋಡಿ, ಎರಡೂ ಒಂದೇ ಬಣ್ಣ ಅನಿಸಿ ಎದ್ದು ನಿಂತರು.

ಕೊಪ್ಪಳದಲ್ಲಿ ಡಾಕ್ಟರು ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. ಕಲ್ಲು ನಾಳದಲ್ಲಿ ಸಿಕ್ಕಿತ್ತು, ಮೇಲೆ ಕೀವು. ಯಜಮಾನರ ಸಹಿ ಬೇಕೆಂದು ನರ್ಸು ಕಾಗದ ತಂದಳು. "ಹೊಟ್ಟಿ ನಂದು," ಎಂದು ಕಳಕಮ್ಮ ಹೆಬ್ಬಟ್ಟು ಒತ್ತಿದಳು. ಗೆರೆ ಬರಲಿಲ್ಲ, ಬರೀ ಮಸಿ ಬಿತ್ತು. ಮಗ್ಗುಲಿಗೆ ಮಗ ಸಹಿ ಹಾಕಿದ. ಮೊದಲೇ ಹಾಗೆ ಮಾಡಬೇಕಿತ್ತು ಎಂದು ಯಾರೂ ಅವನಿಗೆ ಹೇಳಲಿಲ್ಲ. ಅವನ ಮುಖದಲ್ಲೇ ಇತ್ತು.

ಎರಡು ದಿನ ಆಕೆ ಇತ್ತಲೋ ಅತ್ತಲೋ ಎಂಬಂತಿದ್ದಳು. ಮೂರನೆಯ ದಿನ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಸಂಡಗಿ ಒಣಗಿದ್ವೇನು?" ಡಾಕ್ಟರು ಶೀಶೆ ಕೊಟ್ಟರು. ಒಂಬತ್ತು ಕಲ್ಲು, ಕಂದು ಬಣ್ಣ, ಜೋಳದ ಕಾಳಿನಷ್ಟು. ಅಲ್ಲಾಡಿಸಿದಳು. ಗಲಗಲ.

ಅಂದಪ್ಪನವರು ಆಸ್ಪತ್ರೆಗೆ ಒಂದೇ ದಿನ ಬಂದರು. ಬರಿಗೈಲಿ ಬಂದಿದ್ದರು. ಗೋಡೆ ನೋಡಿ, ಫ್ಯಾನು ನೋಡಿ, "ಇಲ್ಲಿ ಗಾಳಿ ಛಲೋ ಐತಿ," ಎಂದು ಹೋದರು.

ಹೊಲಿಗೆ ಬಿಚ್ಚಿಸಿಕೊಂಡು ಕಳಕಮ್ಮ ಮನೆಗೆ ಬಂದಾಗ ಜೂನ್. ಬುಟ್ಟಿ ಮತ್ತೆ ಖಾಲಿ, ಕಟ್ಟೆ ಮತ್ತೆ ಖಾಲಿ. ಗಂಡನ ಮೇಲೆ ಒಂದಿಷ್ಟು ಕನಿಕರ ಬರುತ್ತಿತ್ತೋ ಏನೋ. ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ಮೂರನೆಯ ದಿನಕ್ಕೆ ಶೀಶೆಯನ್ನು ಆಕೆಯ ದಿಂಬಿನ ಬುಡದಿಂದ ಎತ್ತಿಕೊಂಡು ಹೋಗಿ ಮಾಡದಲ್ಲಿಟ್ಟರು.

ಐದನೆಯ ದಿನ ಸ್ಕೂಟರಿನ ಸದ್ದಾಯಿತು. ಆದೆಪ್ಪ ವಿಚಾರ ಮಾಡಿ ಬಂದಿದ್ದ. ನಿಂಬೆಹಣ್ಣನ್ನು ಚಾಪೆಯ ಮೇಲೆ ಅಂದಪ್ಪನವರ ಮುಂದಿಟ್ಟು ಕೂತ. ಒಳಕೋಣೆಯ ಹೊರಸಿನ ಮೇಲೆ ಮಲಗಿದ್ದ ಕಳಕಮ್ಮನಿಗೆ ಮಾತು ಕೇಳಿಸುತ್ತಿತ್ತು.

"ಅವ್ವಗ ನೋವು ಜಾಸ್ತಿ ಆಗೈತ್ರಿ ಸರ. ಆದ್ರ ನಿಮ್ಮನ್ಯಾಗೂ ಕಡೀಕ ಆಪರೇಷನ್ ಆತು ಅಂದ್ರು..."

"ಆಪರೇಷನ್?" ಅಂದಪ್ಪನವರು ನಕ್ಕರು. ಶೀಶೆ ಅಲ್ಲಾಡಿಸಿದರು. "ನಿಂಬಿರಸ ಮೂರು ತಿಂಗಳು ತೊಳದು ತೊಳದು ಕಲ್ಲು ಸಡಲ ಮಾಡಿತ್ತು. ಡಾಕ್ಟರ್ ಬರೇ ಆರಿಸಿಕೊಂಡ, ಜ್ವಾಳದಾಗಿನ ಕಲ್ಲು ಆರಿಸಿದಂಗ. ನಿಮ್ಮವ್ವಗ ಅದೂ ಬೇಕಾಗೂದಿಲ್ಲ. ಇವತ್ತ ಶುರು ಮಾಡು."

ಕಳಕಮ್ಮ ಗೋಡೆ ಹಿಡಿದು ಎದ್ದಳು. ಹೊಲಿಗೆಯ ಜಾಗ ಚುರ್ ಎಂದಿತು. ಒಂದು ಕೈ ಅದರ ಮೇಲಿಟ್ಟುಕೊಂಡು ಅಡುಗೆಮನೆಗೆ ಹೋಗಿ, ಸುನಿತಾಳಿಗೆ ಸನ್ನೆ ಮಾಡಿದಳು. ಸುನಿತಾಳಿಗೆ ಲೆಕ್ಕ ಬಾಯಿಪಾಠ: ಅರ್ಧ ಲೋಟ ಶೇಂಗಾ ಎಣ್ಣೆ, ಅರ್ಧ ಲೋಟ ನಿಂಬೆರಸ. ಕಳಕಮ್ಮ ತಾನೇ ಆ ಲೋಟ ಹಿಡಿದು ಪಡಸಾಲೆಗೆ ಬಂದು ಗಂಡನ ಮುಂದೆ ಇಟ್ಟಳು.

"ಕುಡೀರಿ."

"ಏನಿದು?"

"ನಿಮ್ಮ ಔಷಧ. ಆದೆಪ್ಪನ ಅವ್ವಗ ಹೇಳೂಕಿಂತ ಮೊದಲ ನೀವು ಒಂದು ಲೋಟ ಕುಡೀರಿ. ನಿಮ್ಮ ಲಿವರೂ ಕನ್ನಡಿ ಆಗಲಿ, ಅವನೂ ಮುಖ ನೋಡಿಕೊಳ್ಳಲಿ."

ಲೋಟದಲ್ಲಿ ಎಣ್ಣೆ ಮೇಲೆ ಬಂತು, ರಸ ಕೆಳಗಿಳಿಯಿತು. ಅಂದಪ್ಪನವರು ಲೋಟ ನೋಡಿದರು, ಆದೆಪ್ಪನನ್ನು ನೋಡಿದರು. ಲೋಟವನ್ನು ಒಂದು ಮೊಳ ದೂರ ಸರಿಸಿದರು.

"ನನಗ... ಹುಳಿ ಆಗೂದಿಲ್ಲ."

ಆದೆಪ್ಪ ಚಾಪೆಯ ಮೇಲಿನ ತನ್ನ ನಿಂಬೆಹಣ್ಣನ್ನು ಎತ್ತಿಕೊಂಡ. ಕೊಟ್ಟ ನಿಂಬೆಹಣ್ಣು ವಾಪಸ್ ತೆಗೆದುಕೊಂಡದ್ದು ಕುಷ್ಟಗಿಯ ಚರಿತ್ರೆಯಲ್ಲಿ ಅದೇ ಮೊದಲು. ಎದ್ದು ಬಂದು, ಎರಡೂ ಕೈಯಿಂದ ಅದನ್ನು ಕಳಕಮ್ಮನ ಅಂಗೈಯಲ್ಲಿಟ್ಟು ಬಾಗಿದ.

"ಅಕ್ಕಾರ, ಆ ಕೊಪ್ಪಳದ ಡಾಕ್ಟರು ಯಾವ ದಿನ ಸಿಗತಾರ್ರಿ?"

"ದಿನಾ ಸಿಗತಾರ. ನಾಳೆನ ಕರಕೊಂಡು ಹೋಗಪ್ಪಾ, ತಡಾ ಮಾಡಬ್ಯಾಡ," ಎಂದಳು.

ಸ್ಕೂಟರಿನ ಸದ್ದು ದೂರವಾದ ಮೇಲೂ ಆಕೆ ಅಲ್ಲೇ ನಿಂತಿದ್ದಳು. ಗೆರೆ ಸವೆದ ಹೆಬ್ಬೆರಳಿನಿಂದ ಹಣ್ಣನ್ನು ಒಮ್ಮೆ ತಿರುಗಿಸಿದಳು, ಮೂಸಿದಳು. ಆಮೇಲೆ ಅಡುಗೆಮನೆಯ ಕಡೆ ಎಸೆದಳು, ಸುನಿತಾ ಹಿಡಿದಳು.

"ಮಂಡಾಳ ಒಗ್ಗರಣಿ ಮಾಡು, ಇದನ್ನ ಹಿಂಡು. ಎಣ್ಣಿ ಕಮ್ಮಿ ಹಾಕು, ಡಾಕ್ಟರ್ ಹೇಳ್ಯಾರ," ಎಂದಳು ಕಳಕಮ್ಮ. "ನಿಮ್ಮ ಮಾವಾರಿಗಿ ಮೊದಲ ಬ್ಯಾರೆ ತೆಗದಿಡು. ಅವರಿಗಿ ಹುಳಿ ಆಗೂದಿಲ್ಲ."